ಕಳ್ಳ ಅಲೆ

ಅವನು ಟೀ ತಂದು ಮೇಜಿನ ಮೇಲಿಟ್ಟ. ಅವಳು ತಿರುಗಿಯೂ ನೋಡಲಿಲ್ಲ.

ಹೀಗೆ ಹಿಂದೆಂದೂ ಆಗಿರಲಿಲ್ಲ. ಎರಡು ವರ್ಷದಿಂದ ದಿನಾ ಮಧ್ಯಾಹ್ನ ಅವನು ಎರಡು ಲೋಟ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದ. ಅವಳು ಕುರ್ಚಿಯನ್ನು ಅರ್ಧ ತಿರುಗಿಸಿ, ಅವನ ಕಣ್ಣಲ್ಲಿ ಕಣ್ಣಿಟ್ಟು, "ಇವತ್ತು ಕಳ್ಳ ಅಲೆ ಇದೆಯಾ?" ಅಂತ ಕೇಳುತ್ತಿದ್ದಳು. ಅವನು ರೆಪ್ಪೆ ಕೂಡ ಬಡಿಯದೆ, "ಟೀ ಇದೆ" ಅನ್ನುತ್ತಿದ್ದ. ಇಷ್ಟೇ ಮಾತು. ಆದರೆ ಹಾಗೆ ಅನ್ನುವಾಗ ಅವನ ತುಟಿಯ ಎಡಗಡೆ ಮಾತ್ರ ಒಂಚೂರು ಮೇಲೇಳುತ್ತಿತ್ತು. ಅದನ್ನು ನೋಡಿದರೆ ಅವಳ ಇಡೀ ಮಧ್ಯಾಹ್ನ ಹಗುರಾಗುತ್ತಿತ್ತು.

ಇವತ್ತು ಅದೂ ಬೇಡವಾಗಿತ್ತು. ಮುಖ ಊದಿಸಿಕೊಂಡು ಪರದೆಯನ್ನೇ ನೋಡುತ್ತ ಕೂತಿದ್ದಳು.

ಅವರು ಕೆಲಸ ಮಾಡುವ ಆಕಾಶ ಸಂಶೋಧನೆಯ ಕಟ್ಟಡದಲ್ಲಿ ಎರಡು ಪಂಗಡ. ಕೆಳಗೆ ಅಲೆಯವರು, ಮೇಲೆ ಕಿರಣದವರು. ಇಬ್ಬರೂ ಕಾಯುವುದು ಮಾತ್ರ ಒಂದನ್ನೇ. ಆಕಾಶದಲ್ಲಿ ಕೆಲವು ಸತ್ತ ನಕ್ಷತ್ರಗಳಿವೆ, ಒಂದು ಊರಿನಷ್ಟು ಅಗಲ, ಸೂರ್ಯನಿಗಿಂತ ಹೆಚ್ಚು ಭಾರ. ನ್ಯೂಟ್ರಾನ್ ನಕ್ಷತ್ರ ಅಂತ ಹೆಸರು. ಅವುಗಳಲ್ಲಿ ಕೆಲವು ಜೋಡಿಯಾಗಿ, ಕೋಟಿ ಕೋಟಿ ವರ್ಷ ಒಂದನ್ನೊಂದು ಸುತ್ತುತ್ತ, ಹತ್ತಿರ ಹತ್ತಿರ ಸರಿಯುತ್ತ, ಕೊನೆಗೊಂದು ದಿನ ಡಿಕ್ಕಿ ಹೊಡೆದು ಒಂದಾಗಿಬಿಡುತ್ತವೆ. ಆಗ ಆಕಾಶವೇ ಅಲೆ ಅಲೆಯಾಗಿ ನಡುಗುತ್ತದೆ. ಆ ನಡುಕವನ್ನು ಹಿಡಿಯುವವರು ಕೆಳಗಿನವರು. ಅದರ ಬೆನ್ನಿಗೇ ಗಾಮಾ ಕಿರಣದ ಒಂದು ಮಿಂಚು ಚಿಮ್ಮುತ್ತದೆ. ಉಪಗ್ರಹದ ಕಣ್ಣಿಂದ ಅದನ್ನು ಕಾಯುವವಳು ಇವಳು.

ಅವಳ ಅಕ್ಕ ಈ ಕಥೆ ಕೇಳಿ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದಳು. "ನಿಮ್ಮಿಬ್ಬರಿಗಿಂತ ಆ ನಕ್ಷತ್ರಗಳೇ ವಾಸಿ ಕಣೇ. ಅವು ತಡವಾಗಿಯಾದ್ರೂ ಡಿಕ್ಕಿ ಹೊಡೀತವೆ!"

ಕಳ್ಳ ಅಲೆ ಅಂದರೇನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೆಳಗಿನವರ ಯಂತ್ರದಲ್ಲಿ ಗಾಜಿನ ಎಳೆಗೆ ತೂಗುಬಿಟ್ಟ ದೊಡ್ಡ ಕನ್ನಡಿಗಳಿವೆ. ಆಕಾಶ ನಡುಗಿದರೆ ಅವೂ ನಡುಗುತ್ತವೆ. ಕೆಲಸದವರು ಎಚ್ಚರವಾಗಿದ್ದಾರೋ ಇಲ್ಲವೋ ಅಂತ ಪರೀಕ್ಷೆ ಮಾಡಲು, ವರ್ಷದಲ್ಲಿ ಯಾವತ್ತೋ ಒಂದು ದಿನ, ಯಾರಿಗೂ ಹೇಳದೆ ಆ ಕನ್ನಡಿಗಳನ್ನು ಮೆಲ್ಲಗೆ ತಳ್ಳುತ್ತಾರೆ. ಥೇಟ್ ನಿಜವಾದ ಅಲೆಯ ಹಾಗೇ ಕಾಣುತ್ತದೆ. ಅದೇ ಕಳ್ಳ ಅಲೆ. ಎಲ್ಲರೂ ವಾರಗಟ್ಟಲೆ ಲೆಕ್ಕ ಹಾಕಿ, ಸಂಭ್ರಮಪಟ್ಟು, ಮುಗಿಸಿದ ಮೇಲೆ, "ಅದು ನಮ್ಮದೇ" ಅಂತ ಗುಟ್ಟು ಬಿಡುತ್ತಾರೆ.

ಆ ಗುಟ್ಟು ಗೊತ್ತಿರುವವರು ಇಬ್ಬರೇ. ಒಬ್ಬರು ಸಂಸ್ಥೆಯ ಮುಖ್ಯಸ್ಥೆ, ಬೆನ್ನ ಹಿಂದೆ ಎಲ್ಲರ ಬಾಯಲ್ಲೂ ದೊಡ್ಡಮ್ಮ. ಇನ್ನೊಬ್ಬ ಅಲೆಯನ್ನು ಹೆಣೆದು ಬಿಡುವವನು, ಇವನೇ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಅದಕ್ಕೇ ಅವನಿಗೆ ಬೀಗ ಅಂತ ಹೆಸರು ಬಿದ್ದಿತ್ತು.

ಅವಳಿಗೂ ಒಂದು ಹೆಸರು ಬಿದ್ದಿತ್ತು, ಅರ್ಜೆಂಟಮ್ಮ. ಹೋದ ವರ್ಷ ಸೂರ್ಯನ ಒಂದು ಸಣ್ಣ ಸಿಡಿತವನ್ನು ನಕ್ಷತ್ರಗಳ ಡಿಕ್ಕಿ ಅಂದುಕೊಂಡು ಊರೆಲ್ಲ ಡಂಗುರ ಹೊಡೆದಿದ್ದಳು. ದೊಡ್ಡ ದೊಡ್ಡ ದೂರದರ್ಶಕಗಳು ಅವಳ ಮಾತು ಕೇಳಿ ಕತ್ತು ತಿರುಗಿಸಿ, ಬರೀ ಕತ್ತಲೆ ನೋಡಿ ಸುಸ್ತಾದವು. ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಇನ್ನೊಂದು ಸಲ ಹೀಗಾದ್ರೆ ಈ ಕುರ್ಚಿ ಬೇರೆಯವರಿಗೆ ಕೊಡ್ತೀನಿ ಕಣಮ್ಮ" ಅಂದರು, ಅಷ್ಟೇ. ಆ ಕುರ್ಚಿಗೋಸ್ಕರ ಅವಳು ಓದಿದ್ದಳು, ಮನೆ ಬಿಟ್ಟು ಬಂದಿದ್ದಳು, ಅಕ್ಕನ ಹತ್ತಿರ ಬೈಸಿಕೊಂಡಿದ್ದಳು. ನಿಜವಾದ ಒಂದು ಡಿಕ್ಕಿಯನ್ನು ಮೊದಲು ನೋಡಿದವಳು ತಾನಾಗಬೇಕು ಅನ್ನುವುದು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಬೇರೆ ಆಸೆ ಇರಲಿಲ್ಲ ಅಂದೆನಾ? ಸುಳ್ಳು. ಇನ್ನೊಂದು ಇತ್ತು, ದಿನಾ ಮಧ್ಯಾಹ್ನ ಟೀ ತರುತ್ತಿತ್ತು.

ಇವತ್ತು ಬೆಳಿಗ್ಗೆ ಮೀಟಿಂಗಿನಲ್ಲಿ ಯಾರೋ ತಮಾಷೆಗೆ, "ಬೀಗ ದಿನಾ ಮೇಲಕ್ಕೆ ಹೋಗ್ತಾನಲ್ಲ, ಏನು ಸಮಾಚಾರ?" ಅಂದರು. ದೊಡ್ಡಮ್ಮ ಕನ್ನಡಕ ಒರೆಸುತ್ತ, "ಅದು ನಿಯಮ. ಕಳ್ಳ ಅಲೆ ಬರೋ ಹೊತ್ತಿಗೆ ಅವನು ಕೆಳಗಿನ ಕೋಣೆಯಲ್ಲಿ ಇರಬಾರದು. ಅವತ್ತೊಂದು ದಿನ ಮಾತ್ರ ಎದ್ದು ಹೋದ್ರೆ ಎಲ್ಲರಿಗೂ ಗೊತ್ತಾಗುತ್ತಲ್ಲ? ಅದಕ್ಕೇ ದಿನಾ ಹೋಗ್ತಾನೆ. ಅಚ್ಚುಕಟ್ಟಾದ ಹುಡುಗ" ಅಂದುಬಿಟ್ಟರು.

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎರಡು ವರ್ಷ! ತುಟಿಯ ಎಡಗಡೆ ಎಷ್ಟು ಮೇಲೆದ್ದಿತು ಅಂತ ಅಕ್ಕನಿಗೆ ವರದಿ ಒಪ್ಪಿಸಿದ್ದೇ ಒಪ್ಪಿಸಿದ್ದು. ಮೀಟಿಂಗ್ ಮುಗಿದು ಹೊರಗೆ ಬಂದಾಗ ಅವನು ಎದುರಿಗೇ ಸಿಕ್ಕ. ಕಂಬ ದಾಟಿದ ಹಾಗೆ ದಾಟಿಕೊಂಡು ಹೋದಳು.

ಈಗ ಅದೇ ಕಂಬ ತನ್ನ ಲೋಟದ ಟೀ ಹಿಡಿದು ನಿಂತಿತ್ತು.

"ಬೇಡ, ತಗೊಂಡು ಹೋಗು."

"ಸಕ್ಕರೆ ಕಮ್ಮಿ ಹಾಕಿಸಿದ್ದೀನಿ."

"ಅದೂ ನಿಯಮದಲ್ಲಿದೆಯಾ?"

"ಯಾವ ನಿಯಮ?"

ಅವಳು ಕುರ್ಚಿ ಗಿರಕ್ಕನೆ ತಿರುಗಿಸಿದಳು. "ದಿನಾ ಮೇಲೆ ಹೋಗಬೇಕು, ಅಲ್ಲೊಬ್ಬಳು ಪೆದ್ದಿ ಕೂತಿರ್ತಾಳೆ, ಅವಳ ಜೊತೆ ಹೊತ್ತು ಕಳೆದು ಬರಬೇಕು ಅನ್ನೋ ನಿಯಮ!"

ಅವನ ಮುಖ ಬಿಳಿಚಿಕೊಂಡಿತು. ಎಂದೂ ಏನೂ ಕಾಣದ ಆ ಮುಖದಲ್ಲಿ ಮೊದಲ ಸಲ ಏನೋ ಕಂಡಿತು. "ನೋಡು, ಅದು ಹಾಗಲ್ಲ..." ಅಂತ ಬಾಯಿ ತೆರೆದ.

ಗಂಟೆ ಹೊಡೆಯಿತು.

ಉಪಗ್ರಹದ ಗಂಟೆ. ಅವಳ ಸಿಟ್ಟು, ಅಳು ಎಲ್ಲ ಇದ್ದಲ್ಲೇ ನಿಂತುಹೋಯಿತು. ಪರದೆಯ ಮೇಲೆ ಸಪಾಟಾಗಿ ಹರಿಯುತ್ತಿದ್ದ ಗೆರೆ ಒಂದು ಕಡೆ ಚೂಪಾಗಿ ಎದ್ದು, ಎರಡು ಸೆಕೆಂಡ್ ಆಗುವಷ್ಟರಲ್ಲಿ ಕುಸಿದುಬಿದ್ದಿತ್ತು. ಸಣ್ಣದು, ಬಡಕಲು. ನಿಜವಾದ ಮಿಂಚೂ ಇರಬಹುದು, ಬರೀ ಗದ್ದಲವೂ ಇರಬಹುದು.

ಅಷ್ಟರಲ್ಲಿ ಕೆಳಗಿನಿಂದ ಕುರ್ಚಿಗಳು ಕಿರ್‍ರನೆ ಸರಿದ ಸದ್ದು, ಯಾರೋ ಕೂಗಿದ ಸದ್ದು. ಮೇಜಿನ ಮೇಲಿನ ಸ್ಪೀಕರ್ ಕಿರುಚಿತು: "ಮೇಲಿನವರೇ! ಅಲೆ ಬಂದಿದೆ, ಜೋಡಿ ನಕ್ಷತ್ರದ್ದು! ನಿಮ್ಮ ಹತ್ರ ಏನಾದ್ರೂ ಇದೆಯಾ?"

ಅವಳು ಎರಡರ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಮೊದಲು ಅವರ ಅಲೆ. ಅದರ ಬೆನ್ನಿಗೇ ಇವಳ ಮಿಂಚು. ಇರಬೇಕಾದ್ದು ಹೀಗೇ. "ಇದೆ!" ಅಂತ ಕೂಗಿದಳು.

ಇನ್ನು ಮಾಡಬೇಕಾದ್ದು ಒಂದೇ. ಭೂಮಿಯ ಆ ಕಡೆ ಈಗಷ್ಟೇ ಹೊತ್ತು ಮುಳುಗಿದ ಊರಿನಲ್ಲಿ ಒಂದು ದೊಡ್ಡ ದೂರದರ್ಶಕವಿದೆ. ಮಿಂಚು ಬಂದ ದಿಕ್ಕಿನ ಆಕಾಶ ಅಲ್ಲಿನ ಬೆಟ್ಟದ ಹಿಂದೆ ಇಳಿಯಲು ಒಂದು ಗಂಟೆಯೂ ಉಳಿದಿಲ್ಲ. ಡಿಕ್ಕಿಯ ಮೊದಲ ಬೆಳಕು ನೀಲಿ, ನಾಳೆಗೆ ಆರಿಹೋಗುತ್ತದೆ. ಮತ್ತೆ ನೋಡುತ್ತೇನೆ ಅಂದರೆ ಸಿಗುವುದಿಲ್ಲ. ಅವಳು ಫೋನಿಗೆ ಕೈ ಹಾಕಿದಳು.

ಅವನ ಕೈ ಅವಳ ಕೈಯ ಮೇಲೆ ಬಂತು.

ಎರಡು ವರ್ಷದಲ್ಲಿ ಒಂದು ಸಲವೂ ತಾಗದ ಕೈ. ತಣ್ಣಗಿತ್ತು.

"ಮಾಡ್ಬೇಡ."

"ಕೈ ತೆಗಿ. ಹೊತ್ತಿಲ್ಲ."

"ಮಾಡ್ಬೇಡ ಅಂದ್ನಲ್ಲ." ಅವನು ಬಾಗಿಲ ಕಡೆ ನೋಡಿ ಪಿಸುಗುಟ್ಟಿದ: "ಅದು ನಂದು. ಇವತ್ತು ಮಧ್ಯಾಹ್ನಕ್ಕೇ ಇಟ್ಟಿದ್ದು. ಕಳ್ಳ ಅಲೆ."

ಬೀಗ ಬಾಯಿ ಬಿಟ್ಟಿದ್ದ.

"ಮತ್ತೆ ನನ್ನ ಮಿಂಚು?"

"ಕಾಕತಾಳೀಯ. ಅಂಥ ಬಡಕಲು ಗೆರೆಗಳು ಎಷ್ಟು ಬರುತ್ತವೆ ಅಂತ ನೀನೇ ಬೈಕೊಳ್ತಿರ್ತೀಯ. ಈಗ ಫೋನ್ ಮಾಡಿದ್ರೆ ಎರಡನೇ ಸುಳ್ಳಾಗುತ್ತೆ. ಈ ಕುರ್ಚಿ ಹೋಗುತ್ತೆ."

"ನಂಗೆ ಹೇಳಿದ್ದಕ್ಕೆ ನಿನ್ನ ಕೆಲಸ ಹೋಗುತ್ತೆ."

"ಗೊತ್ತು."

"ಗೊತ್ತಿದ್ದೂ ಯಾಕೆ ಹೇಳ್ದೆ?"

ಅವನು ಅವಳನ್ನೇ ನೋಡಿದ. ಆ ನೋಟ ಯಾವ ನಿಯಮದಲ್ಲೂ ಇರಲಾರದು ಅಂತ ಅವಳಿಗೆ ಅನ್ನಿಸಿತು. ಅನ್ನಿಸಿದ ಮರುಕ್ಷಣವೇ ಪಿತ್ತ ನೆತ್ತಿಗೇರಿತು.

"ಅಯ್ಯೋ ಪುಣ್ಯಾತ್ಮ! ನೀನು ಮಾಡಿದ್ದೇನು ಅಂತ ಗೊತ್ತಾ? ಈಗ ನಾನು ಸುಮ್ಮನೆ ಕೂತ್ರೆ? ಅಲೆಯೂ ಇದೆ, ಮಿಂಚೂ ಇದೆ, ಆದ್ರೂ ಅರ್ಜೆಂಟಮ್ಮ ಬಾಯಿ ಮುಚ್ಕೊಂಡು ಕೂತಳು ಅಂದ್ರೆ ಯಾರಾದ್ರೂ ನಂಬ್ತಾರಾ? ಯಾರು ಹೇಳಿದ್ದು ಅಂತ ಹುಡುಕೋದೂ ಬೇಡ. ಇಲ್ಲೇ ನಿಂತಿದ್ದೀಯ, ಲೋಟ ಹಿಡ್ಕೊಂಡು!"

ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಬೆಪ್ಪಾಗಿ ಕೈಯಲ್ಲಿದ್ದ ಲೋಟ ನೋಡಿಕೊಂಡ.

"ನನ್ನ ಚಿಂತೆ ಬಿಡು" ಅಂದ.

"ಬಿಡೋಕಾಗಲ್ಲ!" ಅಂತ ಅವಳು ಕೂಗಿಯೇಬಿಟ್ಟಳು.

ಗೋಡೆಯ ಗಡಿಯಾರದ ಮುಳ್ಳು ಓಡುತ್ತಿತ್ತು. ಅಲ್ಲಿ ಬೆಟ್ಟದ ಕಡೆಗೆ ಆಕಾಶ ಇಳಿಯುತ್ತಿತ್ತು. ಫೋನ್ ಮಾಡಿದರೆ ಅವಳ ಕುರ್ಚಿ ಹೋಗುತ್ತದೆ, ಮಾಡದಿದ್ದರೆ ಅವನ ಕೆಲಸ. ಅವಳು ಪರದೆಯ ಮೇಲಿನ ಆ ಬಡಕಲು ಗೆರೆಯನ್ನು ಮತ್ತೊಮ್ಮೆ ನೋಡಿದಳು. ಇವನು ಏನೂ ಹೇಳದೆ ಹೋಗಿದ್ದರೆ ತಾನೇನು ಮಾಡುತ್ತಿದ್ದೆ? ಅದಕ್ಕೆ ಯೋಚನೆಯೇ ಬೇಕಿರಲಿಲ್ಲ.

"ನೀನು ನಂಗೆ ಏನೂ ಹೇಳಿಲ್ಲ" ಅಂದಳು. "ನಾನು ಏನೂ ಕೇಳಿಸ್ಕೊಂಡಿಲ್ಲ." ಅವನ ಕೈ ಸರಿಸಿ ಫೋನ್ ಎತ್ತಿದಳು.

ಆ ಕಡೆ ದೂರದರ್ಶಕ ನಡೆಸುವ ತಾತನ ಗೊಗ್ಗರು ದನಿ. "ಯಾರು, ಅರ್ಜೆಂಟಮ್ಮನಾ? ಏನಮ್ಮ, ಮತ್ತೆ ಸೂರ್ಯ ಸೀನಿದನಾ?"

"ತಾತ, ತಿರುಗಿಸಿ. ದಿಕ್ಕು ಕಳಿಸ್ತಿದ್ದೀನಿ. ಬೇಗ ಮುಳುಗುತ್ತೆ."

"ಗ್ಯಾರಂಟಿನಾ?"

ಅವಳು ಕಣ್ಣು ಮುಚ್ಚಿಕೊಂಡಳು. "ಗ್ಯಾರಂಟಿ ಇಲ್ಲ ತಾತ. ಕಂಡಿದ್ದನ್ನ ಹೇಳ್ತಿದ್ದೀನಿ. ತಪ್ಪಾದ್ರೆ ತಪ್ಪು ನಂದು."

ತಾತ "ಹೂಂ, ಸರಿ. ಹೋದ ಸಲ ಗ್ಯಾರಂಟಿ ಅಂದಿದ್ದೆ. ಈ ಸಲ ತಿರುಗಿಸ್ತೀನಿ" ಅಂದ.

ಅವಳು ಫೋನ್ ಇಟ್ಟಳು. "ಇನ್ನು ಹೋಗು ನೀನು" ಅಂದಳು.

"ಎಲ್ಲಿಗೆ? ಇವತ್ತು ಕೆಳಗೆ ಹೋಗೋ ಹಾಗಿಲ್ಲ."

"ಹಾಗಾದ್ರೆ ಅಲ್ಲಿ ಕೂತ್ಕೋ. ಮಾತಾಡ್ಬೇಡ."

ಅವನು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಮೇಲೆ ಬಂದರು. ಅವಳ ಭುಜ ಮುಟ್ಟಿ, "ದೂರದರ್ಶಕ ತಿರುಗಿಸಿದ್ಯಂತೆ" ಅಂದರು. ಆ ದನಿಯಲ್ಲಿ ಕನಿಕರವಿತ್ತು. ಅವರಿಗೂ ಗೊತ್ತಿದೆಯಲ್ಲ, ಇವತ್ತಿನದು ಕಳ್ಳ ಅಲೆ ಅಂತ! ಅವಳು "ಹೌದು ಮೇಡಂ" ಅಂದಳು. ದೊಡ್ಡಮ್ಮ ಸ್ಟೂಲಿನ ಕಡೆ ಒಂದು ಸಲ ಚೂಪಾಗಿ ನೋಡಿ ಇಳಿದುಹೋದರು.

ತಾತನ ಚಿತ್ರಗಳು ಬರತೊಡಗಿದವು. ಹಳೆಯ ಚಿತ್ರದ ಪಕ್ಕ ಹೊಸ ಚಿತ್ರ ಇಟ್ಟು, ಹೊಸ ಚುಕ್ಕಿ ಏನಾದರೂ ಇದೆಯಾ ಅಂತ ಒಂದೊಂದೇ ನೋಡಬೇಕು. ಅರ್ಧ ಇಲ್ಲಿ ಅವಳು, ಅರ್ಧ ಅಲ್ಲಿ ತಾತ. ಒಂದಾಯಿತು, ಇಲ್ಲ. ಇನ್ನೊಂದು, ಇಲ್ಲ. ಮತ್ತೊಂದು, ಇಲ್ಲ. ಬೆಟ್ಟದ ಹಿಂದೆ ಆಕಾಶ ಇಳಿದು ಚಿತ್ರಗಳು ಬರುವುದೂ ನಿಂತಿತು. ಕಿಟಕಿಯಲ್ಲಿ ಬಿಸಿಲು ಹಳದಿಯಾಯಿತು. ಅವಳ ಕಣ್ಣು ಉರಿಯುತ್ತಿತ್ತು, ನಾಲಿಗೆ ಒಣಗಿತ್ತು. ಅವನು ಎದ್ದು ಬಂದು ಒಂದು ಲೋಟ ನೀರಿಟ್ಟು ಮತ್ತೆ ಹೋಗಿ ಕೂತ. ಕುಡಿದಳು. ಥ್ಯಾಂಕ್ಸ್ ಹೇಳಲಿಲ್ಲ.

"ಇಲ್ಲದ್ದನ್ನ ಹುಡುಕ್ತಿದ್ದೀಯ" ಅಂದ ಅವನು ಕೊನೆಗೆ, ತಡೆಯಲಾರದೆ. "ನನ್ನಿಂದ."

"ಮಾತಾಡ್ಬೇಡ ಅಂದಿದ್ದೆ."

ಆಗಲೇ ಕೆಳಗೆ ಮತ್ತೆ ಕುರ್ಚಿಗಳು ಸರಿದವು. ಸ್ಪೀಕರ್ ಈ ಸಲ ತೊದಲಿತು: "ಮೇಲಿನವರೇ... ಇನ್ನೊಂದು! ಇನ್ನೊಂದು ಅಲೆ ಬಂದಿದೆ! ನಿಮ್ಮ ಹತ್ರ?"

ಅವಳು ನೋಡಿದಳು. ಉಪಗ್ರಹದ ಗೆರೆ ಸಪಾಟಾಗಿತ್ತು. "ಏನೂ ಇಲ್ಲ" ಅಂದಳು. ಎರಡನೇ ಅಲೆಯ ಚಿತ್ರ ಅವಳ ಪರದೆಯ ಮೂಲೆಯಲ್ಲಿ ಮೂಡಿತು. ಬೆನ್ನ ಹಿಂದೆ ಸ್ಟೂಲು ಮಗುಚಿ ಬಿದ್ದ ಸದ್ದು.

ಅವನು ಅವಳ ಭುಜದ ಮೇಲಿನಿಂದ ಬಾಗಿ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿದ್ದ. ಅವನ ಉಸಿರು ಅವಳ ಕಿವಿಗೆ ತಾಗುತ್ತಿತ್ತು.

"ಇದು..." ಅಂದ. "ಒಂದು ನಕ್ಷತ್ರ ಜಾಸ್ತಿ ಭಾರ, ಇನ್ನೊಂದು ಕಮ್ಮಿ. ಈ ಬಾಲ ನೋಡು. ಇದನ್ನ ಹೆಣೆದಿದ್ದು ನಾನು. ಇದು ನಂದು!"

"ಮಧ್ಯಾಹ್ನದ್ದು ನಿಂದು ಅಂದ್ಯಲ್ಲೋ!"

"ಅದನ್ನ ನಾನು ನೋಡೇ ಇಲ್ಲ! ನೋಡೋ ಹಾಗಿಲ್ಲ ಅಲ್ವಾ? ಮಧ್ಯಾಹ್ನಕ್ಕೆ ಇಟ್ಟಿದ್ದೆ, ಮಧ್ಯಾಹ್ನ ಬಂತು, ನಂದೇ ಅಂದ್ಕೊಂಡೆ." ತಲೆ ಮೇಲೆ ಕೈ ಹೊತ್ತು ನಿಂತ. "ಯಂತ್ರ ನಡೆಯೋದು ಲೋಕದ ಗಡಿಯಾರದ ಮೇಲೆ. ಅದು ನಮ್ಮ ಗೋಡೆ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ ನಾನು ಗೋಡೆ ಗಡಿಯಾರದ ಗಂಟೆ ಹಾಕಿಬಿಟ್ಟಿದ್ದೀನಿ. ಅದಕ್ಕೇ ಇದು ಈಗ ಬಂದಿದೆ."

"ನೀನಾ? ಅಷ್ಟು ಅಚ್ಚುಕಟ್ಟಾದ ಹುಡುಗ?"

"ನೀನು ನನ್ನನ್ನ ನೋಡದೆ ಹೋದ್ಯಲ್ಲ" ಅಂದ ಅವನು. "ಅದಾದ ಮೇಲೇ ಹೋಗಿ ಗಂಟೆ ಹಾಕೋಕೆ ಕೂತಿದ್ದು. ಕೈ ಎಲ್ಲೋ, ತಲೆ ಎಲ್ಲೋ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ, ತುಂಬಾ ನಿಧಾನವಾಗಿ, ಕೇಳಿದಳು: "ಹಾಗಾದ್ರೆ ಮಧ್ಯಾಹ್ನದ್ದು ಯಾರದ್ದು?"

ಅವನು ಬೆರಳೆತ್ತಿ ಆಕಾಶದ ಕಡೆ ತೋರಿಸಿದ.

ಫೋನ್ ಹೊಡೆದುಕೊಂಡಿತು. "ಏನಮ್ಮ ಅರ್ಜೆಂಟು" ಅಂದ ತಾತ. "ನಿಂತಿದ್ರೆ ಕೂತ್ಕೋ. ಕೊನೇ ಚಿತ್ರದಲ್ಲಿ, ಒಂದು ಗ್ಯಾಲಕ್ಸಿಯ ಅಂಚಿಗೆ, ನೀಲಿ ಚುಕ್ಕಿ ಇದೆ. ಹಳೇ ಚಿತ್ರದಲ್ಲಿ ಇರ್ಲಿಲ್ಲ. ಮೂರು ಸಲ ನೋಡ್ದೆ ಕಣಮ್ಮ. ಮುಳುಗೋಕೆ ಮುಂಚೆ ಸಿಕ್ಕಿಬಿಡ್ತು."

ಅವಳು ಫೋನ್ ಹಿಡಿದುಕೊಂಡೇ ಗೊಳೋ ಅಂತ ಅತ್ತಳು. ಎರಡು ನಕ್ಷತ್ರಗಳು ಒಂದಾದ ಬೆಳಕು, ಭೂಮಿಯ ಮೇಲೆ ಮೊದಲು ಸಿಕ್ಕಿದ್ದು ಅವಳ ಕೈಗೆ. ಅವನು ಪಕ್ಕದಲ್ಲಿ ನಿಂತು ಕೈ ಎತ್ತಿದ, ಎಲ್ಲಿಡಬೇಕೋ ಗೊತ್ತಾಗದೆ ಇಳಿಸಿದ. ಅಷ್ಟರಲ್ಲಿ ಕೆಳಗಿನವರೆಲ್ಲ ಧಡಧಡ ಮೆಟ್ಟಿಲು ಹತ್ತಿ ಬಂದರು.

ಗಲಾಟೆ ಒಂದಿಷ್ಟು ಇಳಿದ ಮೇಲೆ ಅವನು ದೊಡ್ಡಮ್ಮನ ಕೋಣೆಯ ಕಡೆ ಹೊರಟಿದ್ದು ಅವಳ ಕಣ್ಣಿಗೆ ಬಿತ್ತು. ಓಡಿಹೋಗಿ ಅಡ್ಡ ನಿಂತಳು.

"ಎಲ್ಲಿಗೆ? ಸುಮ್ಮನಿರು. ಯಾರಿಗೂ ಗೊತ್ತಿಲ್ಲ."

"ನಂಗೆ ಗೊತ್ತಲ್ಲ" ಅಂದ. "ನಾಳೆ ಎಲ್ಲರೂ ಕೇಳ್ತಾರೆ, ಬೀಗ ಪಕ್ಕದಲ್ಲೇ ಇದ್ದ, ಅವನು ಹೇಳಿಕೊಟ್ಟಿದ್ದಕ್ಕೆ ತಿರುಗಿಸಿದ್ಲಾ ಅಂತ. ಗುಟ್ಟು ಬಿಟ್ಟು ಬೇಡ ಅಂದವನು ನಾನು, ಆದ್ರೂ ತಿರುಗಿಸಿದ್ಲು ಅಂತ ನಾನೇ ಹೇಳ್ಬೇಕು. ಇಲ್ಲದಿದ್ರೆ ನಿನ್ನ ಚುಕ್ಕಿಗೆ ಮಸಿ ಅಂಟುತ್ತೆ."

ಅವಳು ಪಕ್ಕಕ್ಕೆ ಸರಿದಳು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕೆಲಸ ಪೂರ್ತಿ ಹೋಗಲಿಲ್ಲ. ದೊಡ್ಡಮ್ಮ ಕೂಗಾಡಿದರಂತೆ, ಆಮೇಲೆ ಕನ್ನಡಕ ಒರೆಸಿಕೊಂಡರಂತೆ. ಆದರೆ ಗುಟ್ಟು ಕಾಯುವ ಕೆಲಸದಿಂದ ಅವನನ್ನು ತೆಗೆದರು. ಗಾಜಿನ ಎಳೆ ಎಳೆಯುವ ವರ್ಕ್‌ಶಾಪಿಗೆ ಹಾಕಿದರು. ಅದು ಅಂಗಳದ ಆ ತುದಿಯಲ್ಲಿ, ಬೇರೆ ಕಟ್ಟಡ.

ಮರುದಿನ ಅವಳ ಫೋನಿಗೆ ಬಿಡುವಿರಲಿಲ್ಲ. ಎಲ್ಲೆಲ್ಲಿಂದಲೋ ಅಭಿನಂದನೆ. ದೊಡ್ಡ ದೂರದರ್ಶಕಗಳೆಲ್ಲ ಅವಳ ಚುಕ್ಕಿಯ ಕಡೆ ತಿರುಗಿದ್ದವು. ಅದು ನೀಲಿಯಿಂದ ಕೆಂಪಿಗೆ ತಿರುಗುತ್ತಿತ್ತು. ಅಲ್ಲೀಗ ಚಿನ್ನ ಹುಟ್ಟುತ್ತಿದೆ ಅಂದಾಗ ಅಕ್ಕ, "ನಂಗೊಂದು ಜೊತೆ ಬಳೆಗಾಗುವಷ್ಟು ಎತ್ತಿಡು" ಅಂದಳು. ಅವಳು ನಕ್ಕಳು. ನಗುತ್ತಲೇ ಬಾಗಿಲ ಕಡೆ ನೋಡಿದಳು.

ಟೀ ಹೊತ್ತಾಯಿತು. ಯಾರೂ ಬರಲಿಲ್ಲ.

ಬರುವುದಾದರೂ ಯಾಕೆ? ಕಳ್ಳ ಅಲೆಯೇ ಅವನ ಕೈಯಲ್ಲಿಲ್ಲದ ಮೇಲೆ ನಿಯಮವೂ ಇಲ್ಲ. ಕುರ್ಚಿ ಉಳಿಯಿತು, ಚುಕ್ಕಿ ಸಿಕ್ಕಿತು. ಆದರೂ ಎದೆಯೊಳಗೆ ಖಾಲಿ ಖಾಲಿ. ಇಷ್ಟು ದೊಡ್ಡ ದಿನ ಒಂದು ಲೋಟ ಟೀಗೆ ಹೀಗೆ ಬಾಡಬೇಕೇ ಅಂತ ತನ್ನ ಮೇಲೇ ಸಿಟ್ಟು ಬಂತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಏದುಸಿರು. ಅವನು ಬಾಗಿಲಲ್ಲಿ ನಿಂತಿದ್ದ, ಎರಡು ಲೋಟ ಹಿಡಿದು, ತೋಳಿನ ಮೇಲೆಲ್ಲ ಟೀ ಚೆಲ್ಲಿಕೊಂಡು.

ಅವಳು ಕುರ್ಚಿಯನ್ನು ಅರ್ಧ ತಿರುಗಿಸಿದಳು. ಅವನ ಕಣ್ಣಲ್ಲಿ ಕಣ್ಣಿಟ್ಟು, "ಇವತ್ತು ಕಳ್ಳ ಅಲೆ ಇದೆಯಾ?" ಅಂತ ಕೇಳಿದಳು.

"ಗೊತ್ತಿಲ್ಲ" ಅಂದ ಅವನು.

ಎರಡು ವರ್ಷದಲ್ಲಿ ಅವನು ಕೊಟ್ಟ ಮೊದಲ ನೇರ ಉತ್ತರ.

"ಮತ್ತೆ ಯಾಕೆ ಬಂದೆ? ನಿಯಮ ಇಲ್ವಲ್ಲ ಈಗ."

"ನಿಯಮ ಯಾವತ್ತು ಇತ್ತು? ಕೆಳಗೆ ಇರಬಾರದು ಅನ್ನೋದು ಮಾತ್ರ ನಿಯಮ. ಕ್ಯಾಂಟೀನಲ್ಲಿ ಕೂರಬಹುದಿತ್ತು, ಅಂಗಳದಲ್ಲಿ ಅಡ್ಡಾಡಬಹುದಿತ್ತು. ಮೇಲಕ್ಕೇ ಹೋಗ್ತೀನಿ, ದಿನಾ ಹೋಗ್ತೀನಿ ಅಂತ ಮೇಡಂಗೆ ನೆಪ ಹೇಳಿದ್ದು ನಾನು." ಲೋಟಗಳನ್ನು ಮೇಜಿನ ಮೇಲಿಟ್ಟ. "ಒಂದೇ ಕಾರಣ ಇದ್ದಿದ್ದು. ಅದು ಇಲ್ಲೇ ಕೂತಿರ್ತಿತ್ತು."

"ಎರಡು ವರ್ಷ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಬಾಯಿ ಬಿಡದಿರೋದೇ ಕೆಲಸ ಆಗಿತ್ತು. ಅದೇ ಅಭ್ಯಾಸ ಆಗೋಯ್ತು."

"ಈಗ?"

"ಈಗ ಆ ಕೆಲಸ ಇಲ್ಲ." ಅವನು ಉಸಿರೆಳೆದುಕೊಂಡ. "ನೀನಂದ್ರೆ ನಂಗೆ ಪ್ರಾಣ ಕಣೇ. ಮೊದಲನೇ ದಿನದಿಂದ."

ಅವಳು ಲೋಟ ಎತ್ತಿ ಒಂದು ಗುಟುಕು ಕುಡಿದಳು. ಅಷ್ಟು ದೂರದಿಂದ ತಂದ ಟೀ ತಣ್ಣಗೆ ಆರಿಹೋಗಿತ್ತು.

"ಆರಿದೆಯಾ? ಬೇರೆ ತರ್ಲಾ?"

"ಬೇಡ, ಅರ್ಜೆಂಟಿಲ್ಲ. ಕೂತ್ಕೋ" ಅಂದಳು. ಅವನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಈ ಸಲ ಆ ಕೈ ಬೆಚ್ಚಗಿತ್ತು. ಅವನ ತುಟಿಯ ಎಡಗಡೆ ಮೇಲೆದ್ದಿತು. ಆಮೇಲೆ ಬಲಗಡೆಯೂ.

ಫೋನ್ ರಿಂಗಾಯಿತು. ಅಕ್ಕ.

"ಅಕ್ಕ, ಆಮೇಲೆ ಮಾಡ್ತೀನಿ."

"ಯಾಕೇ? ಮತ್ತೆ ಡಿಕ್ಕಿ ಹೊಡೆದ್ವಾ?"

ಅವಳು ಅವನನ್ನು ನೋಡಿದಳು.

"ಹೂಂ ಅಕ್ಕ" ಅಂದಳು. "ಗ್ಯಾರಂಟಿ."